ಒಸ್ಮಾರ್ ಹೊಗಳಿದ ಅಂಗಡಿ

ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ನನ್ನ ತಂಗಿಯ ಗಂಡ ಒಸ್ಮಾರ್ ಮನೆಯೊಳಗೆ ಮಾತಾಡುವುದಿಲ್ಲ. ಹಿತ್ತಿಲಿಗೆ ಹೋಗಿ, ಜಬುಟಿಕಾಬಾ ಮರದ ಕೆಳಗೆ ನಿಂತು, ಅಂಗಿಯ ಕಾಲರು ಸರಿಮಾಡಿಕೊಂಡು, ಆಮೇಲೆ ಗುಂಡಿ ಒತ್ತುತ್ತಾನೆ. ಫೋನಿನಲ್ಲಿ ಕಾಲರು ಯಾರಿಗೆ ಕಾಣಬೇಕೋ ನನಗಂತೂ ತಿಳಿಯದು. ದನಿಯೂ ಬದಲಾಗುತ್ತದೆ. ಹೆಂಡತಿಯ ಹತ್ತಿರ ಉಪ್ಪು ಕೇಳಲೂ ಗೊಣಗುವ ಮನುಷ್ಯ ಆಗ ಬ್ಯಾಂಕಿನ ಮ್ಯಾನೇಜರ್ ಆಗಿಬಿಡುತ್ತಾನೆ.

“ಹೌದು ಸೆನ್ಯೋರ್, ನಾನೇ ಒಸ್ಮಾರ್. ಬಹಳ ಒಳ್ಳೇ ಕಂಪನಿ. ಏನೇ ತೊಂದ್ರೆ ಇರ್ಲಿ, ಒಂದು ಫೋನ್ ಮಾಡಿದ್ರೆ ಸಾಕು, ಬರ್ತಾರೆ. ನಾನು ಯಾಕೆ ಬಿಟ್ಟೆ ಅಂತಲಾ? ಅದು ಆರೋಗ್ಯದ ವಿಷಯ ಬಿಡಿ. ಬೆನ್ನು ನೋವು. ಅಂಗಡಿ ಮಾತ್ರ ಚಿನ್ನದಂಥ ಅಂಗಡಿ.”

ಬೆನ್ನು ನೋವು ಬಂದದ್ದು ಅಂಗಡಿ ಮುಚ್ಚಿದ ಮೇಲೆ, ನನ್ನ ಹಿತ್ತಿಲ ಬಿಡಾರದ ಹಳೇ ಹಾಸಿಗೆಯ ಮೇಲೆ ಮಲಗಿ ಮಲಗಿ.

ನಾನು ಲೆಯೊಂತೀನಾ. ಪಾತೋಸ್‌ನಲ್ಲಿ, ನನ್ನ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುತ್ತೇನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹಾಯಾಗಿದ್ದೆ. ಈಗ ಹಿತ್ತಿಲ ಬಿಡಾರದಲ್ಲಿ ತಂಗಿ ಇವೊನೇತಿ ಮತ್ತು ಅವಳ ಈ ಮ್ಯಾನೇಜರು ಇದ್ದಾರೆ.

ಈ ಫೋನುಗಳು ಎಲ್ಲಿಂದ ಬರುತ್ತಿದ್ದವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬ್ರೆಜಿಲ್ ದೇಶದಲ್ಲಿ ಒಂದು ಕಾನೂನಿದೆ. ಕಂಪನಿಯೊಂದು ತನ್ನ ಹೆಸರಲ್ಲಿ ಅಂಗಡಿ ನಡೆಸುವ ಹಕ್ಕನ್ನು, ಅಂದರೆ ಫ್ರಾಂಚೈಸಿಯನ್ನು, ಯಾರಿಗಾದರೂ ಮಾರಬೇಕಾದರೆ, ಸಹಿ ಹಾಕಿಸಿಕೊಳ್ಳುವ, ಹಣ ಮುಟ್ಟುವ ಹತ್ತು ದಿನ ಮುಂಚೆಯೇ ಒಂದು ದಪ್ಪನೆಯ ಮಾಹಿತಿ ಸುತ್ತೋಲೆಯನ್ನು ಅವರ ಕೈಗೆ ಕೊಡಬೇಕು. ಕಂಪನಿಯ ಮೇಲೆ ಯಾವ ಮೊಕದ್ದಮೆ ಇದೆ, ಏನೇನು ಖರ್ಚು ಬೀಳುತ್ತದೆ, ಎಲ್ಲವೂ ಅದರಲ್ಲಿರಬೇಕು. ಕಳೆದ ಎರಡು ವರ್ಷಗಳಲ್ಲಿ ಬಿಟ್ಟುಹೋದವರ ಹೆಸರು, ವಿಳಾಸ, ಫೋನ್ ನಂಬರು ಕೂಡ ಇರಬೇಕು. ಕೊಳ್ಳುವವರು ಅವರನ್ನೇ ಕೇಳಿ ನಿಜ ತಿಳಿದುಕೊಳ್ಳಲಿ ಎಂಬ ಯೋಚನೆ. ಕಾನೂನು ಬರೆದವರು ಬುದ್ಧಿವಂತರೇ, ಆದರೆ ಅವರು ನಮ್ಮ ಮಿನಾಸ್ ರಾಜ್ಯದ ಕಡೆಯವರಾಗಿರಲಿಕ್ಕಿಲ್ಲ. ನಮ್ಮವರನ್ನು ಹೇಗಿದ್ದೀರಿ ಎಂದು ಕೇಳಿ ನೋಡಿ. ಹಿಂದೆ ಮನೆ ಹತ್ತಿ ಉರಿಯುತ್ತಿದ್ದರೂ ‘ಚೆನ್ನಾಗಿದ್ದೀವಿ, ದೇವರ ದಯೆ’ ಎನ್ನುತ್ತೇವೆ. ಪರ ಊರಿನವರ ಮುಂದೆ ಮನೆಯ ಹುಳುಕು ಬಿಚ್ಚಿಡುವುದಕ್ಕಿಂತ ನಾಲಗೆ ಕಚ್ಚಿಕೊಳ್ಳುವುದು ಮೇಲು ಎಂದೇ ಬೆಳೆದವರು ನಾವು.

ಅಂಗಡಿ ಮುಳುಗಿದ್ದೂ ಇದೇ ಗುಣದಿಂದ. ಕಂಪನಿಯ ಹೆಸರು ‘ವೊವೊ ಕಂದಿನ್ಯಾ’, ಅಂದರೆ ಕಂದಿನ್ಯಾ ಅಜ್ಜಿ. ಮಾರುವುದು ಕಾಫಿ ಮತ್ತು ಪಾಂವ್ ದಿ ಕೇಜು. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ ಕಲಸಿ ಸುಡುವ ಆ ಉಂಡೆಯನ್ನು ಮಿನಾಸ್‌ನಲ್ಲಿ ಮಾರಲು ಹೊರಟ ಒಸ್ಮಾರನ ಧೈರ್ಯಕ್ಕೆ ಏನೆನ್ನಲಿ. ಇಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾಳೆ, ಪ್ರತಿ ಅಜ್ಜಿಗೂ ತನ್ನದೇ ಒಂದು ಹದ. ಅಂಥ ಊರಿಗೆ ಸಾವೊ ಪೌಲೊದಿಂದ ಮಂಜುಗಟ್ಟಿದ ಹಿಟ್ಟು ಲಾರಿಯಲ್ಲಿ ಬರುತ್ತಿತ್ತು. ಬೇರೆ ಹಿಟ್ಟು ಬಳಸುವಂತಿಲ್ಲ, ಅದು ಒಪ್ಪಂದ. ಮೊದಲ ದಿನ ಊರಿಗೆ ಊರೇ ಬಂದಿತು. ಎಲ್ಲರೂ ಕಚ್ಚಿದರು, ಅಗಿದರು, ನಕ್ಕರು. “ಚೆನ್ನಾಗಿದೆ ಸೆವ್ ಒಸ್ಮಾರ್, ತುಂಬಾ ಚೆನ್ನಾಗಿದೆ” ಎಂದರು, ಮರ್ಯಾದೆಯ ‘ಸೆವ್’ ಬಿಡದೆ. ಮತ್ತೆ ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಅವನು ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದ. ಪುರುಸೊತ್ತಿಲ್ಲ ಎಂದರು, ಸಕ್ಕರೆ ಕಾಯಿಲೆ ಎಂದರು. ಉಂಡೆ ರಟ್ಟಿನ ಹಾಗಿದೆ ಎಂದು ಒಬ್ಬನೂ ಹೇಳಲಿಲ್ಲ.

ಸಾಲಕ್ಕೆ ಮನೆ ಮಾರಿ ಅಂಗಡಿ ಮುಚ್ಚಿದರು. ಮುಚ್ಚಿದೆವು ಎಂದು ಹೇಳುವುದು ಹೇಗೆ? ಒಳ್ಳೇ ಬೆಲೆ ಬಂತು, ಬೇರೆಯವರಿಗೆ ವಹಿಸಿಕೊಟ್ಟೆವು ಎಂದು ಇವೊನೇತಿ ಹೇಳಿದಳು. ನಾನೂ ನನ್ನ ಕುರ್ಚಿಯಲ್ಲಿ ಕೂತವರಿಗೆಲ್ಲ ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ಸ್ವಲ್ಪ ಉಪ್ಪು ಖಾರವನ್ನೂ ಸೇರಿಸಿದೆ. ಉಬೆರ್ಲಾಂಡಿಯಾದಲ್ಲಿ ಇನ್ನೂ ದೊಡ್ಡದೊಂದು ಅಂಗಡಿ ನೋಡುತ್ತಿದ್ದಾನಂತೆ ಎಂದೆ. ಹೆಂಗಸರು ಕನ್ನಡಿಯಲ್ಲಿ ನನ್ನ ಮುಖ ನೋಡಿ “ಒಳ್ಳೇದಾಯ್ತು ಬಿಡು” ಎಂದರು. ಒಸ್ಮಾರ್ ಮಾತ್ರ ಪೇಟೆಬೀದಿಗೆ ಕಾಲಿಡುವುದನ್ನೇ ಬಿಟ್ಟ. ಪೂಜೆಗೂ ಊರಾಚೆಯ ಚರ್ಚಿಗೆ, ಅದೂ ಟೋಪಿ ಹಾಕಿಕೊಂಡು.

ಹೀಗಿರುವಾಗ ಇಬಿಯಾ ಊರಿನಿಂದ ನಿಲ್ಸೇಯಾ ಎಂಬಾಕೆ ಫೋನು ಮಾಡಲು ಶುರುಮಾಡಿದಳು. ಬೇರೆಯವರು ಒಮ್ಮೆ ಕೇಳಿ ಸುಮ್ಮನಾದರೆ ಈಕೆಗೆ ದಿನಕ್ಕೊಂದು ಅನುಮಾನ. ಸರ್ಕಾರಿ ಶಾಲೆಯ ಅಡುಗೆಯವಳಂತೆ, ನಿವೃತ್ತಿಯಾಗಿದೆಯಂತೆ, ಜೀವಮಾನವೆಲ್ಲ ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸಿ ಕೂಡಿಸಿದ್ದನ್ನು ವೊವೊ ಕಂದಿನ್ಯಾಗೆ ಹಾಕಬೇಕೆಂದಿದ್ದಾಳಂತೆ. ಇವೆಲ್ಲ ನನಗೆ ಗೊತ್ತಾದದ್ದು ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ನಿಂತು. ಒಸ್ಮಾರನಿಗೆ ಕಿವಿ ಮಂದ, ಸ್ಪೀಕರ್ ಹಾಕದೆ ಮಾತಾಡಲಾರ.

“ಸೆವ್ ಒಸ್ಮಾರ್, ಇನ್ನೊಂದೇ ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಓವನ್ನು ಗ್ಯಾಸಿಂದು ತಗೊಳ್ಳೋದಾ, ಕರೆಂಟಿಂದಾ?”

“ಕರೆಂಟಿಂದು ತಗೊಳ್ಳಿ ದೋನ ನಿಲ್ಸೇಯಾ. ಗ್ಯಾಸಿಂದ್ರಲ್ಲಿ ಒಂದು ಕಡೆ ಕೆಂಪಾಗುತ್ತೆ, ಇನ್ನೊಂದು ಕಡೆ ಹಸಿ ಇರುತ್ತೆ.”

“ಕಂಪನಿಯೋರು ಇದನ್ನ ಹೇಳ್ಲೇ ಇಲ್ಲ ನೋಡಿ. ನೀವಿರೋದಕ್ಕೆ ಬಚಾವಾದೆ.”

ಒಸ್ಮಾರನ ಮುಖ ಅರಳಿತು. ಅವನು ಬರೀ ಸುಳ್ಳು ಹೇಳುತ್ತಿರಲಿಲ್ಲ, ಅದರಲ್ಲಿ ಸುಖಪಡುತ್ತಿದ್ದ. ಆಕೆಯ ಜೊತೆ ಮಾತಾಡುವಷ್ಟು ಹೊತ್ತು ಅವನು ಮತ್ತೆ ಅಂಗಡಿಯ ಯಜಮಾನ, ಸಲಹೆ ಕೊಡುವವನು. ಫೋನು ಇಟ್ಟ ಮೇಲೆ ಮತ್ತೆ ನನ್ನ ಹಿತ್ತಿಲಿನವನು.

“ಆ ಹೆಂಗಸಿಗೆ ಓವನ್ ವಿಷಯ ಹೇಳ್ತೀಯಲ್ಲ, ಅಂಗಡಿ ವಿಷಯ ಯಾವಾಗ ಹೇಳ್ತೀಯ?” ಎಂದು ಒಗೆದ ಟವೆಲ್ ಹಿಂಡುತ್ತಾ ಕೇಳಿದೆ.

“ನಿಂಗೆ ಅರ್ಥ ಆಗಲ್ಲ ತೀನಾ. ಹೇಳೋ ಹಾಗಿಲ್ಲ. ಕಂಪನಿ ಬಗ್ಗೆ ಕೆಟ್ಟದಾಗಿ ಮಾತಾಡಲ್ಲ ಅಂತ ಬಿಡೋವಾಗ ಸಹಿ ಹಾಕಿದ್ದೀನಿ.”

“ಕೆಟ್ಟದಾಗಿ ಮಾತಾಡಲ್ಲ ಅಂತ ತಾನೇ? ಹಾಡಿ ಹೊಗಳ್ತೀನಿ ಅಂತ ಸಹಿ ಹಾಕಿಲ್ವಲ್ಲ.”

ಇವೊನೇತಿ ಬಾಗಿಲಲ್ಲಿ ನಿಂತಿದ್ದವಳು “ಬಿಡೇ, ಊಟದ ಹೊತ್ತು” ಎಂದಳು. ನಮ್ಮ ಮನೆಯಲ್ಲಿ ಯಾವ ಮಾತಾದರೂ ನಿಲ್ಲುವುದು ಊಟದ ಹೊತ್ತಿಗೆ.

ವಕೀಲೆ ಮರಿಲ್ದಾ, ನಾವೆಲ್ಲ ಮರ್ಯಾದೆಗೆ ದೊತೋರಾ ಎನ್ನುವವಳು, ತಿಂಗಳಿಗೊಮ್ಮೆ ಬಂದು ನನ್ನಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಾಳೆ. ಆ ವಾರ ಅವಳ ತಲೆಗೆ ಬಣ್ಣ ಬಳಿದು, ಎದ್ದು ಹೋಗಲಾರದ ಹಾಗೆ ಮಾಡಿಕೊಂಡು ಕೇಳಿದೆ.

“ದೊತೋರಾ, ನಂಗೆ ಗೊತ್ತಿರೋ ಒಬ್ರ ವಿಷಯ. ಫ್ರಾಂಚೈಸಿ ಬಿಟ್ಟೋರು ಫೋನಲ್ಲಿ ಕೇಳಿದೋರಿಗೆ ನಿಜ ಹೇಳಿದ್ರೆ ಜೈಲಿಗೆ ಹಾಕ್ತಾರಾ?”

“ನಿಂಗೆ ಗೊತ್ತಿರೋ ಆ ಒಬ್ರಿಗೆ ಹೇಳು,” ಎಂದಳು ಮರಿಲ್ದಾ, ಕಣ್ಣು ಮುಚ್ಚಿಕೊಂಡೇ. “ಕಾನೂನು ಅವರ ನಂಬರನ್ನ ಅಲ್ಲಿ ಹಾಕಿಸಿರೋದೇ ಕೇಳ್ಲಿ ಅಂತ. ನಡೆದದ್ದನ್ನ ನಡೆದ ಹಾಗೆ ಹೇಳೋದು ಬೈಗುಳ ಅಲ್ಲ. ಅಷ್ಟೂ ಹೆದ್ರಿಕೆ ಇದ್ರೆ, ‘ನಾನು ಏನೂ ಹೇಳಲಾರೆ’ ಅಂತ ಒಂದು ಮಾತು ಅಂದ್ರೆ ಸಾಕು. ಬುದ್ಧಿ ಇರೋರಿಗೆ ಅದೇ ಉತ್ತರ. ಸುಳ್ಳು ಹೇಳು ಅಂತ ಯಾವ ಒಪ್ಪಂದಾನೂ ಯಾರನ್ನೂ ಕಟ್ಟಿಹಾಕಲ್ಲ.”

ಏನೂ ಹೇಳಲಾರೆ ಎಂಬ ಒಂದು ಮಾತು. ಇದನ್ನು ಒಸ್ಮಾರನಿಗೆ ಹೇಳಿದೆ. ನಿಲ್ಸೇಯಾ ಸಹಿ ಹಾಕಲು ಇನ್ನೆಷ್ಟು ದಿನ ಇದೆ ಎಂದು ಇವೊನೇತಿ ಕೇಳಿದಳು. ಈ ಶುಕ್ರವಾರಕ್ಕೆ ಹತ್ತು ದಿನ ಮುಗಿಯುತ್ತದೆ, ಅವತ್ತೇ ಅಂತೆ ಎಂದ. ತಾನೇ ಫೋನು ಮಾಡುತ್ತೇನೆಂದು ಎದ್ದ. ನಾವಿಬ್ಬರೂ ತೊಟ್ಟಿಯ ಹತ್ತಿರ, ಇದ್ದ ಬಟ್ಟೆಯನ್ನೇ ಮತ್ತೆ ಮತ್ತೆ ಜಾಲಿಸುತ್ತಾ ನಿಂತೆವು.

“ದೋನ ನಿಲ್ಸೇಯಾ, ಒಂದು ಮುಖ್ಯವಾದ ವಿಷಯ ಹೇಳ್ಬೇಕಿತ್ತು.”

“ಹೇಳಿ ಸೆವ್ ಒಸ್ಮಾರ್, ಬರ್ಕೊಳ್ತೀನಿ. ಪೆನ್ನು ಕೈಲೇ ಇದೆ.”

ಒಸ್ಮಾರ್ ಕಾಲರು ಮುಟ್ಟಿಕೊಂಡ. ಮರದ ಬುಡವನ್ನು ಚಪ್ಪಲಿಯಿಂದ ಕೆರೆದ. ಇವೊನೇತಿ ನನ್ನ ಮೊಣಕೈ ಹಿಡಿದುಕೊಂಡಳು.

“ಫ್ರೀಜರ್,” ಎಂದ ಕೊನೆಗೆ. “ಫ್ರೀಜರ್ ತಗೊಳ್ಳೋವಾಗ ಗಾಜಿನ ಬಾಗಿಲಿಂದು ತಗೋಬೇಡಿ. ಕರೆಂಟು ಜಾಸ್ತಿ ಎಳೆಯುತ್ತೆ.”

ಇವೊನೇತಿ ನನ್ನ ಮೊಣಕೈ ಬಿಟ್ಟು ಒಳಗೆ ಹೋದಳು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಒದ್ದೆ ಟವೆಲನ್ನೇ ಎಸೆಯಬೇಕೆನಿಸಿತು. ಆದರೆ ಫೋನು ನನ್ನ ಮನೆಯಲ್ಲೂ ಇತ್ತು, ಇಬಿಯಾ ಏನು ಚಂದ್ರಲೋಕದಲ್ಲಿರಲಿಲ್ಲ. ನಾನೇ ಹೇಳಬಹುದಿತ್ತು. ಹೇಳಿದರೆ ನನ್ನ ಕುರ್ಚಿಯಲ್ಲಿ ಕೂರುವವರ ತನಕ ಅದು ಬರುತ್ತದೆ ಎಂದು ಸುಮ್ಮನಾದೆ.

ಶನಿವಾರ ಮಧ್ಯಾಹ್ನ ಒಬ್ಬ ದಪ್ಪನೆಯ ಹೆಂಗಸು ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಚೀಸು, ಇನ್ನೊಂದು ಕೈಯಲ್ಲಿ ಹಾಲಿನ ಸಿಹಿಯ ಡಬ್ಬಿ. ಕೂದಲು ಕತ್ತರಿಸಿಕೊಳ್ಳಲು ಬಂದವಳೆಂದುಕೊಂಡೆ.

“ಸೆವ್ ಒಸ್ಮಾರ್ ಮನೆ ಇದೇನಾ? ಸುತ್ತೋಲೆಯಲ್ಲಿ ಬರೆದಿದ್ದ ಮನೆಗೆ ಹೋಗಿದ್ದೆ, ಅಲ್ಲಿ ಬೇರೆಯೋರಿದ್ರು. ಅವರೇ ಇಲ್ಲಿಗೆ ಕಳಿಸಿದ್ರು. ನಾನು ನಿಲ್ಸೇಯಾ. ನಿನ್ನೆ ಸಹಿ ಹಾಕ್ದೆ. ಥ್ಯಾಂಕ್ಸ್ ಹೇಳೋಣ ಅಂತ ಬಂದೆ.”

ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ಒಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿದೆ. ಇವೊನೇತಿ ಕಾಫಿ ಸೋಸುವ ಬಟ್ಟೆಯನ್ನು ಎರಡು ಸಲ ಕೈಜಾರಿ ಬೀಳಿಸಿದಳು. ಒಸ್ಮಾರ್ ಬಂದ, ಕೈ ಕುಲುಕಿದ, ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಕೂತ. ಆ ಬೆನ್ನು ನೋಡಿ ನಿಲ್ಸೇಯಾ ಪಾಪ ಎಂದಳು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮ ಋಣ ತೀರಿಸೋಕಾಗಲ್ಲ. ನನ್ನ ತಮ್ಮ ಬೇಡ ಅಂತಿದ್ದ ಕಣ್ರೀ. ಕಂಪನಿಯೋರು ಬಣ್ಣ ಬಣ್ಣದ ಮಾತಾಡ್ತಾರೆ, ನಂಬ್ಬೇಡ ಅಂತ. ನಾನಂದೆ, ಕಂಪನಿಯೋರ ಮಾತು ಯಾರಿಗೆ ಬೇಕು, ಬಿಟ್ಟುಹೋದೋರನ್ನ ಕೇಳ್ತೀನಿ ಅಂತ. ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಮಾಡ್ದೆ. ಒಬ್ಬರೂ ಒಂದು ಕೆಟ್ಟ ಮಾತಾಡ್ಲಿಲ್ಲ. ಒಬ್ರಿಗೆ ಮೊಮ್ಮಗು ಹುಟ್ತು ಅಂತ ಬಿಟ್ರಂತೆ, ಒಬ್ರಿಗೆ ಹೆಂಡ್ತಿ ಊರಿಗೆ ಹೋಗ್ಬೇಕಿತ್ತಂತೆ, ನಿಮಗೆ ಬೆನ್ನು. ಬಿಟ್ಟೋರೇ ಇಷ್ಟು ಹೊಗಳಿದ ಮೇಲೆ ಇನ್ನೇನು ಯೋಚನೆ ಅಂತ ಕಣ್ಣು ಮುಚ್ಚಿ ಹಾಕ್ಬಿಟ್ಟೆ.”

ನಿಲ್ಸೇಯಾ ನನ್ನ ಕಡೆ ತಿರುಗಿದಳು.

“ಬೇರೆಯೋರಿಗೆ ವಹಿಸಿದ್ದೀವಿ ಅಂದಿದ್ರು ಸೆವ್ ಒಸ್ಮಾರ್, ಅವ್ರೂ ಚೆನ್ನಾಗಿ ನಡೆಸ್ತಿದಾರಾ?”

“ಕಾಫಿ ಆರುತ್ತೆ, ಕುಡೀರಿ,” ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಒಸ್ಮಾರನಿಗೆ ಟವೆಲ್ ಎಸೆಯಲು ಹೊರಟಿದ್ದವಳ ಶೌರ್ಯ ಇಷ್ಟು.

ಆಕೆ ಕುಡಿದಳು, ಬಟ್ಟಲು ಕೆಳಗಿಟ್ಟಳು. “ಬಸ್ಸಿಗೆ ಇನ್ನೂ ಹೊತ್ತಿದೆ. ಆ ಅಂಗಡೀನ ಒಂದು ಸಲ ಕಣ್ತುಂಬ ನೋಡ್ಬೇಕು ಸೆವ್ ಒಸ್ಮಾರ್. ಕೌಂಟರ್ ಹೇಗೆ ಹಾಕ್ಸಿದ್ರಿ, ಕುರ್ಚಿ ಎಲ್ಲಿಟ್ರಿ, ನೋಡ್ಕೊಂಡು ಹೋಗ್ತೀನಿ. ನನ್ನ ಖರ್ಚಲ್ಲೇ ಒಂದು ಉಂಡೆ ತಿಂತೀನಿ ಬಿಡಿ.”

ಬೆನ್ನು ನೋವು ಎನ್ನಬಹುದಿತ್ತು. ಅಂಗಡಿ ಇವತ್ತು ರಜಾ ಎನ್ನಬಹುದಿತ್ತು. ಅವನ ತುಟಿ ಅದಕ್ಕೆಂದೇ ಅಲುಗಿದ್ದನ್ನು ನಾನು ನೋಡಿದೆ. ಆಮೇಲೆ ಏನಾಯಿತೋ, ಎದ್ದು ನಿಂತ. “ನಡೀರಿ,” ಎಂದ. ಟೋಪಿ ತೆಗೆದುಕೊಳ್ಳಲಿಲ್ಲ.

ನಾವು ನಾಲ್ವರೂ ಪೇಟೆಬೀದಿಯಲ್ಲಿ ನಡೆದೆವು. ಶನಿವಾರ, ಬೀದಿ ತುಂಬ ಜನ. ಔಷಧಿ ಅಂಗಡಿಯವನು ಕೈಯೆತ್ತಿದ. ಲಾಟರಿ ಅಂಗಡಿಯ ಮುಂದೆ ಕೂತಿದ್ದ ಮುದುಕರು ಮಾತು ನಿಲ್ಲಿಸಿದರು. ಒಸ್ಮಾರ್ ಎಲ್ಲರಿಗೂ ತಲೆಬಾಗಿ, ಕೆಂಪಗೆ ಬೆವರುತ್ತಾ ಮುಂದೆ ನಡೆದ. ಚೌಕದ ಮೂಲೆಯಲ್ಲಿ ಮುಚ್ಚಿದ ಶಟರ್ ಎದುರು ನಿಂತ. ಬಾಡಿಗೆಗಿದೆ ಎಂಬ ಫಲಕ ಬಿಸಿಲಿಗೆ ಬಿಳಿಚಿಕೊಂಡಿತ್ತು. ಮೇಲೆ, ಕಿತ್ತ ಅಕ್ಷರಗಳ ಜಾಗದಲ್ಲಿ ಗೋಡೆಯ ಹಳೇ ಬಣ್ಣ ಉಳಿದು, ವೊವೊ ಕಂದಿನ್ಯಾ ಎಂದು ಈಗಲೂ ಓದಬಹುದಿತ್ತು.

ನಿಲ್ಸೇಯಾ ಓದಿದಳು. ಆಚೀಚೆ ನೋಡಿದಳು, ಅಂಗಡಿ ಬೇರೆ ಕಡೆ ಇದೆಯೇನೋ ಎಂಬಂತೆ.

“ಇದೇ,” ಎಂದ ಒಸ್ಮಾರ್. “ಯಾರಿಗೂ ವಹಿಸ್ಲಿಲ್ಲ. ಮುಚ್ಚಿತು. ಮನೆ ಹೋಯ್ತು. ಬೆನ್ನಿಗೋಸ್ಕರ ಬಿಟ್ಟದ್ದಲ್ಲ.”

“ಮತ್ತೆ ಬೇರೆಯೋರು? ಮೊಮ್ಮಗು ಅಂದೋರು?”

“ಗೊತ್ತಿಲ್ಲ. ಇಬ್ಬರ ವಿಷಯ ಗೊತ್ತು. ಅವರದ್ದೂ ಹೀಗೇ.”

ಆಕೆ ಶಟರಿಗೆ ಕೈಕೊಟ್ಟು ನಿಂತಳು. ಕೂರಲು ಅಲ್ಲಿ ಏನೂ ಇರಲಿಲ್ಲ. ಇವೊನೇತಿ ಹಿಡಿದುಕೊಳ್ಳಲು ಹೋದಳು, ಆಕೆ ಬಿಡಲಿಲ್ಲ.

“ನಿಮ್ಮನ್ನ ಎಷ್ಟು ಸಲ ಕೇಳ್ದೆ,” ಎಂದಳು. ದನಿ ಏರಿಸಲಿಲ್ಲ. “ಓವನ್ ಬಗ್ಗೆ ಎಷ್ಟು ಮುತುವರ್ಜಿಯಿಂದ ಹೇಳಿದ್ರಿ. ನನ್ನ ಮೇಲೆ ಏನು ಹಗೆ ಇತ್ತು ನಿಮಗೆ?”

ಆಗ ಒಸ್ಮಾರ್ ನಮಗೂ ಗೊತ್ತಿಲ್ಲದ್ದೊಂದನ್ನು ಹೇಳಿದ. ಅಂಗಡಿ ಅವಧಿಗೆ ಮುಂಚೆ ಮುಚ್ಚಿದ್ದಕ್ಕೆ ಕಟ್ಟಬೇಕಿದ್ದ ದಂಡವನ್ನು ಕಂಪನಿಯ ಕ್ಲೇಬರ್ ಎಂಬವನು ಬಿಟ್ಟುಕೊಟ್ಟಿದ್ದನಂತೆ. ಯಾರಾದರೂ ಫೋನು ಮಾಡಿದರೆ ಒಳ್ಳೇ ಮಾತಾಡಬೇಕು, ಆರೋಗ್ಯ ಅಂತ ಹೇಳಬೇಕು, ಅದಕ್ಕೆ ಬದಲಾಗಿ. ಎಲ್ಲ ಬಾಯಿಮಾತು. ಪಟ್ಟಿಯಲ್ಲಿರುವ ಎಲ್ಲರಿಗೂ ಇದೇ ಏರ್ಪಾಡು ಎಂದೂ ಅವನೇ ಹೇಳಿದ್ದನಂತೆ.

ಇವೊನೇತಿ ಗಂಡನ ಮುಖವನ್ನು ಮೊದಲ ಸಲ ಕಂಡವಳಂತೆ ನೋಡಿದಳು. “ನನ್ನ ಹತ್ರಾನೂ ಹೇಳ್ಲಿಲ್ವಲ್ಲ,” ಎಂದಳು.

“ಹೇಳಿದ್ರೆ, ಅದಕ್ಕೋಸ್ಕರ ಸುಳ್ಳು ಹೇಳ್ತಿದೀನಿ ಅಂತ ನೀನು ಸಮಾಧಾನ ಮಾಡ್ಕೊಳ್ತಿದ್ದೆ,” ಎಂದ ಒಸ್ಮಾರ್. “ಅದೂ ನಿಜ ಅಲ್ಲ. ಅವರು ಕೇಳದಿದ್ರೂ ನಾನು ಅದನ್ನೇ ಹೇಳ್ತಿದ್ದೆ. ನಾಚಿಕೆ ಆಗ್ತಿತ್ತು, ಅಷ್ಟೇ.”

ಅವತ್ತು ನಿಲ್ಸೇಯಾ ಬಸ್ಸು ಹತ್ತಲಿಲ್ಲ. ನಾನು ಮರಿಲ್ದಾಳ ಮನೆಯ ಬಾಗಿಲು ಬಡಿದು, ಗೊತ್ತಿರುವ ಒಬ್ಬರು ಎಂಬ ನಾಟಕ ಬಿಟ್ಟು ಎಲ್ಲ ಹೇಳಿದೆ. ಅವಳು ನಿಲ್ಸೇಯಾಳನ್ನು ಕೂರಿಸಿ ವಿವರಿಸಿದಳು. ಕಂಪನಿ ಸುಳ್ಳು ಮಾಹಿತಿ ಕೊಟ್ಟಿದ್ದರೆ ಒಪ್ಪಂದ ರದ್ದು ಮಾಡಿ ಕೊಟ್ಟದ್ದನ್ನೆಲ್ಲ ವಾಪಸ್ ಕೇಳಲು ಕಾನೂನಿನಲ್ಲಿ ದಾರಿ ಇದೆ. ಆದರೆ ಪಟ್ಟಿ ಸರಿಯಾಗಿಯೇ ಇದೆ, ಹೆಸರು, ನಂಬರು ಎಲ್ಲ ಇದೆ. ಪಟ್ಟಿಯಲ್ಲಿದ್ದವರ ಬಾಯನ್ನೇ ಕೊಂಡುಕೊಂಡಿದ್ದರು ಎಂದು ತೋರಿಸಬೇಕು. ಅದನ್ನು ಹೇಳಲು ಆ ಬಾಯಿಗಳಲ್ಲೊಂದು ಬೇಕು. ನೋಟರಿಯ ಮುಂದೆ, ದಾಖಲಾಗುವ ಹಾಗೆ.

“ಹೇಳ್ತೀನಿ,” ಎಂದ ಒಸ್ಮಾರ್. ದಂಡ ಮತ್ತೆ ಮೈಮೇಲೆ ಬರಬಹುದು ಎಂದು ಮರಿಲ್ದಾ ಎಚ್ಚರಿಸಿದಳು. “ಬರ್ಲಿ,” ಎಂದ. ನಿಲ್ಸೇಯಾ ಎರಡು ರಾತ್ರಿ ನನ್ನ ಮನೆಯಲ್ಲೇ ಉಳಿದಳು. ತಾನೇ ತಂದ ಚೀಸನ್ನು ಬೆಳಗ್ಗೆ ನಾನು ಕತ್ತರಿಸಿ ಬಡಿಸಿದರೆ ತಟ್ಟೆ ಸರಿಸಿದಳು.

ಸೋಮವಾರ ಬೆಳಗ್ಗೆ ನಮ್ಮೂರ ನೋಟರಿ ಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಹಿ ದೃಢೀಕರಿಸಲು ಬಂದವರು, ಕಾರು ಮಾರಿದವರು, ಮದುವೆ ಕಾಗದದವರು. ಗುಮಾಸ್ತೆ ಜುಸಾರಾ ಒಸ್ಮಾರನ ಹೇಳಿಕೆಯನ್ನು ಟೈಪು ಮಾಡಿದಳು. ಆಮೇಲೆ, “ಈಗ ನಾನು ಓದ್ಬೇಕು, ನೀವು ಕೇಳ್ಬೇಕು ಸೆವ್ ಒಸ್ಮಾರ್. ಅದು ನಿಯಮ,” ಎಂದಳು. ಹೇಳಿಕೆ ಕೊಟ್ಟವನ ಎದುರಿಗೇ ಅದನ್ನು ಗಟ್ಟಿಯಾಗಿ ಓದಿ ಹೇಳದೆ ನೋಟರಿ ಮುದ್ರೆ ಒತ್ತುವಂತಿಲ್ಲ. ನಡುವೆ ಇದ್ದದ್ದು ಸೊಂಟದೆತ್ತರದ ಕಟ್ಟೆ, ಬಾಗಿಲಿಲ್ಲ. ಅವನ ಕಿವಿ ಮಂದ ಎಂದು ಹುಡುಗಿಗೆ ಗೊತ್ತಿತ್ತು, ದನಿ ಏರಿಸಿಯೇ ಓದಿದಳು.

“ಒಸ್ಮಾರ್ ತವಾರಿಸ್ ದಿ ಬ್ರಿತು, ಬ್ರೆಜಿಲ್ ಪ್ರಜೆ, ವಿವಾಹಿತ, ಉದ್ಯಮಿ…”

“ಅದು ತೆಗೀರಿ,” ಎಂದ ಒಸ್ಮಾರ್.

“ಯಾವುದು?”

“ಉದ್ಯಮಿ ಅನ್ನೋದು.”

“ಮತ್ತೇನು ಹಾಕ್ಲಿ?”

ಒಸ್ಮಾರ್ ಯೋಚಿಸಿದ. ಸಾಲಿನಲ್ಲಿದ್ದವರು ಕಾದರು. “ಕೆಲಸ ಇಲ್ಲ ಅಂತ ಹಾಕಿ,” ಎಂದ.

ಜುಸಾರಾ ತಿದ್ದಿ ಮೊದಲಿಂದ ಓದಿದಳು. ಅಂಗಡಿ ನಷ್ಟದಿಂದ ಮುಚ್ಚಿತೆಂದು, ಆರೋಗ್ಯದ ಕಾರಣ ಹೇಳಿದ್ದು ಸುಳ್ಳೆಂದು, ದಂಡ ಬಿಟ್ಟಿದ್ದಕ್ಕೆ ಪ್ರತಿಯಾಗಿ ಹೊಗಳಿದೆನೆಂದು, ದೋನ ನಿಲ್ಸೇಯಾಳಿಗೆ ಹಲವು ಸಲ ಸುಳ್ಳು ಹೇಳಿದೆನೆಂದು. ಪ್ರತಿ ವಾಕ್ಯಕ್ಕೂ ಅವನು ತಲೆಯಾಡಿಸಿದ. ನಾನು ಸಾಲಿನ ಕಡೆ ನೋಡಿದೆ. ನನ್ನಲ್ಲಿ ಕೂದಲು ಕತ್ತರಿಸಿಕೊಳ್ಳುವ ಮೂರು ನಾಲ್ಕು ಮುಖಗಳಿದ್ದವು. ಉಬೆರ್ಲಾಂಡಿಯಾದ ದೊಡ್ಡ ಅಂಗಡಿಯ ಕಥೆ ಕೇಳಿದ ಮುಖಗಳು. ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಒಬ್ಬರ ಹುಬ್ಬೂ ಏರಲಿಲ್ಲ. ಎಲ್ಲರೂ ಮರ್ಯಾದೆಯಿಂದ ತಮ್ಮ ತಮ್ಮ ಕಾಗದ ನೋಡಿಕೊಳ್ಳುತ್ತಿದ್ದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಹೇಳಿದಾಗೆಲ್ಲ ‘ಒಳ್ಳೇದಾಯ್ತು ಬಿಡು’ ಎಂದದ್ದು ಗೊತ್ತಿದ್ದೇ. ನಮ್ಮ ಸುಳ್ಳನ್ನು ನಂಬಿದವಳು ಇಡೀ ಲೋಕದಲ್ಲಿ ಒಬ್ಬಳೇ, ಅವಳು ಗೋಡೆಗೊರಗಿ ನಿಂತಿದ್ದಳು.

ಮುದ್ರೆ ಬಿತ್ತು. ಇದನ್ನು ಕೋರ್ಟಿನಲ್ಲಿ ಓದಿಸಿಕೊಳ್ಳಲು ಯಾವ ಕಂಪನಿಯೂ ಇಷ್ಟಪಡುವುದಿಲ್ಲ, ಹಣ ವಾಪಸ್ ಮಾಡುತ್ತಾರೆ ಎಂದು ಮರಿಲ್ದಾ ನಿಲ್ಸೇಯಾಳಿಗೆ ಧೈರ್ಯ ಹೇಳಿ ಹೋದಳು. ಆಕೆ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಜುಸಾರಾಳಿಗೆ ಥ್ಯಾಂಕ್ಸ್ ಎಂದಳು, ಒಸ್ಮಾರನಿಗೆ ಎನ್ನಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ತಿರುಗಿ ನಿಂತಳು.

“ಒಂದು ಹೇಳಿ. ಇಬಿಯಾದಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದ್ದೀನಿ, ಅಂಗಡಿ ಹಾಕ್ತೀನಿ ಅಂತ. ಶಾಲೇಲಿ ಮಕ್ಕಳು ಚಪ್ಪಾಳೆ ಹೊಡೆದು ಕಳಿಸ್ಕೊಟ್ರು. ಟೀಚರುಗಳೆಲ್ಲ ಮೊದಲ ದಿನ ಬರ್ತೀವಿ ಅಂದಿದಾರೆ. ತಮ್ಮನ ಮುಂದೆ ಜಂಬ ಕೊಚ್ಕೊಂಡಿದ್ದೀನಿ. ಈಗ ಹೋಗಿ ಏನು ಹೇಳ್ಲಿ? ನಿಮಗೆ ಅಭ್ಯಾಸ ಇದೆಯಲ್ಲ, ಹೇಳ್ಕೊಡಿ.”

ಇವೊನೇತಿ ಮುಖ ಮುಚ್ಚಿಕೊಂಡಳು. ಒಸ್ಮಾರ್ ಮಾತ್ರ ಆಕೆಯ ಮುಖವನ್ನೇ ನೋಡಿದ.

“ನನ್ನ ಹೆಸ್ರು ಹೇಳಿ,” ಎಂದ. “ಪಾತೋಸ್‌ನಲ್ಲಿ ಒಸ್ಮಾರ್ ಅಂತ ಒಬ್ಬ ಇದಾನೆ, ಸುಳ್ಳು ಹೇಳಿ ನನ್ನನ್ನ ಹಾಳುಮಾಡೋಕೆ ಹೊರಟಿದ್ದ ಅಂತ ಹೇಳಿ. ಯಾರು ಕೇಳಿದ್ರೂ ಹೇಳಿ. ತಪ್ಪು ನಿಮ್ಮದಲ್ಲ.”

“ಹೇಳ್ತೀನಿ,” ಎಂದಳು ನಿಲ್ಸೇಯಾ. ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಹೇಳಿಯೂ ಹೇಳಿದಳು. ಮುಂದಿನ ತಿಂಗಳು ಮಗಳ ಮನೆಗೆಂದು ಇಬಿಯಾದಿಂದ ಬಂದ ಒಬ್ಬಾಕೆ ನನ್ನ ಕುರ್ಚಿಯಲ್ಲಿ ಕೂತಳು. ನಾನು ಕೂದಲು ಒದ್ದೆ ಮಾಡುತ್ತಿದ್ದಾಗ, ಈ ಊರಲ್ಲಿ ಒಸ್ಮಾರ್ ಅನ್ನೋ ಸುಳ್ಳುಗಾರ ಒಬ್ಬ ಇದಾನಂತಲ್ಲ, ನಿಮಗೆ ಗೊತ್ತಾ ಎಂದು ಕೇಳಿದಳು. ಪಕ್ಕದಲ್ಲಿ ಕಾಯುತ್ತಿದ್ದ ನಮ್ಮೂರ ಹೆಂಗಸರಿಬ್ಬರು ಪಟ್ಟನೆ ಪತ್ರಿಕೆ ತೆಗೆದು ಮುಖಕ್ಕೆ ಹಿಡಿದರು, ನನ್ನ ಮಾನ ಉಳಿಸಲು.

“ಗೊತ್ತು,” ಎಂದೆ. “ನನ್ನ ತಂಗಿ ಗಂಡ. ಅವನ ಸುಳ್ಳನ್ನ ಈ ಊರಲ್ಲೆಲ್ಲ ಹಂಚಿದೋಳು ನಾನು.”